ಈರಮ್ಮನ ಚೀಟಿಯಲ್ಲಿ ನಾನು ಬರೆದದ್ದು

ಆಂಧ್ರಕ್ಕೆ ಸೇರಿದ ಗಡಿಯೂರು ರಾಯದುರ್ಗದ ಓಣಿಓಣಿಯಲ್ಲೂ ಜೀನ್ಸ್ ಹೊಲಿಯುವ ಮಿಷನ್ ಸದ್ದು ಮಾಡುತ್ತಿದ್ದ ವರ್ಷಗಳವು. ಪಕ್ಕದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನೊಬ್ಬನೇ ಡಾಕ್ಟರು. ಬಂದವರಲ್ಲಿ ಹೆಚ್ಚಿನವರಿಗೆ ಮೈಕೈ ನೋವು. ಒಂದು ಸೂಜಿ, ನಾಲ್ಕು ಮಾತ್ರೆ, ಮುಂದೆ ನಡಿ. ಇದನ್ನೇ ಚಿಕಿತ್ಸೆ ಅಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೂವತ್ತು ದಾಟಿದ ಈರಮ್ಮ ಎರಡು ತಿಂಗಳಲ್ಲಿ ಆರು ಸಲ ಬಂದಳು. ತಲೆನೋವು, ಎದೆ ಉರಿ, ಕೈಕಾಲು ಸೆಳೆತ. ರಕ್ತ, ಬಿ.ಪಿ., ಸಕ್ಕರೆ ಎಲ್ಲ ಸರಿಯಿತ್ತು. ಗಂಡ ಕಟ್ಟಡ ಕೆಲಸಕ್ಕೆಂದು ದೂರ ಹೋಗಿದ್ದ. ಆರನೆಯ ಸಲ ಅತ್ತೆಯೇ ಅವಳನ್ನು ಎಳೆದುಕೊಂಡು ಬಂದಳು. ಸೊಸೆ ಮಿಷನ್ ಮುಂದೆ ಕೂರುವುದಿಲ್ಲ, ಕಳ್ಳಬಿದ್ದಿದ್ದಾಳೆ, ರೋಗ ಇದೆಯೋ ಇಲ್ಲವೋ ಬರೆದುಕೊಡಿ ಎಂದು ಪಟ್ಟು ಹಿಡಿದಳು. ನಮ್ಮ ಕಡೆ ಡಾಕ್ಟರ ಚೀಟಿಗೆ ಪಂಚಾಯ್ತಿ ತೀರ್ಪಿನಷ್ಟು ಬೆಲೆ. ಹೊರಗೆ ಸರದಿಯವರು ಗಲಾಟೆ ಮಾಡುತ್ತಿದ್ದರು. ನನಗೆ ತಲೆ ಕೆಟ್ಟಿತು. ‘ಯಾವ ರೋಗವೂ ಇಲ್ಲ’ ಎಂದು ತೆಲುಗಿನಲ್ಲಿ ಬರೆದು ಸಹಿ ಹಾಕಿದೆ.

ಅತ್ತೆ ಅದನ್ನು ಓಣಿಗೆಲ್ಲ ತೋರಿಸಿದಳಂತೆ. ಆಮೇಲೆ ಈರಮ್ಮ ಉಣ್ಣದಿದ್ದರೂ ನಾಟಕ, ಅತ್ತರೂ ನಾಟಕ. ಎರಡು ವಾರವೂ ಆಗಿರಲಿಲ್ಲ, ಜೀವ ಕಳೆದುಕೊಳ್ಳಲು ಹೊರಟವಳನ್ನು ನೆರೆಯವರು ತಡೆದು ನಮ್ಮಲ್ಲಿಗೆ ಕರೆತಂದರು.

ನಾನು ಕೇಳಬೇಕಾಗಿದ್ದನ್ನು ನಮ್ಮ ಸಿಸ್ಟರ್ ಅವಳ ಪಕ್ಕ ಕೂತು ಕೇಳಿದರು. ನಿದ್ದೆ ಬರುತ್ತದಾ, ಯಾವುದರಲ್ಲಾದರೂ ಮನಸ್ಸು ಹತ್ತುತ್ತದಾ, ಬದುಕು ಬೇಡ ಅನ್ನಿಸುತ್ತದಾ? ಮೂರು ತಿಂಗಳಿಂದ ನಸುಕಿಗೇ ಎಚ್ಚರವಾಗುತ್ತದೆ, ಮಗಳ ಜಡೆ ಹೆಣೆಯಲೂ ಮನಸ್ಸಿಲ್ಲ ಎಂದಳು. ಇದಕ್ಕೆ ಖಿನ್ನತೆ, ಅಂದರೆ ಡಿಪ್ರೆಷನ್ ಎನ್ನುತ್ತಾರೆ. ಎಷ್ಟೋ ಸಲ ಅದು ಮೈನೋವಾಗಿಯೇ ಆಸ್ಪತ್ರೆಗೆ ಬರುತ್ತದೆ. ಓದಿದ್ದೆ, ಮರೆತಿದ್ದೆ.

ಇದು ರೋಗವೇ, ಮಾತ್ರೆಯಿಂದ ಗುಣವಾಗುತ್ತದೆ ಎಂದು ಹೇಳಹೋದೆ. ಅವಳು ನನ್ನನ್ನೇ ದಿಟ್ಟಿಸಿದಳು.

“ಯಾವ ರೋಗಾನೂ ಇಲ್ಲ ಅಂತ ನೀವ ಬರದ್ರಿ. ಈಗ ಮಾತ್ರಿ ಯಾಕ್ರಿ? ನಿಮ್ಮ ಕೈಯಿಂದ ನೀರೂ ಬ್ಯಾಡ್ರಿ ನನಗ.”

ಅತ್ತೆಯನ್ನು ಕರೆದು, ತಪ್ಪು ಬರೆದವನು ನಾನು ಎಂದು ಎಲ್ಲರೆದುರೇ ಒಪ್ಪಿಕೊಂಡೆ. ಅವಳೂ ನನ್ನ ಮೇಲೆಯೇ ಹರಿಹಾಯ್ದಳು. “ನಿಮ್ಮ ಚೀಟಿ ನಂಬಿ ಆಕಿನ್ನ ಬೈದೆನಲ್ರಿ. ಆಕಿ ಸತ್ತಿದ್ರ?”

ಸಿಸ್ಟರ್ ಈರಮ್ಮನನ್ನು ಅನಂತಪುರದ ಮನೋವೈದ್ಯರ ಬಳಿ ಕರೆದೊಯ್ದರು. ಕೆಲವು ತಿಂಗಳಲ್ಲಿ ಈರಮ್ಮ ಚೇತರಿಸಿಕೊಂಡಳು. ನಿವೃತ್ತಿಯಾಗುವವರೆಗೂ ನಾನು, ಮೈನೋವೆಂದು ಬಂದವರಿಗೆಲ್ಲ ನಿದ್ದೆಯನ್ನೂ ಮನಸ್ಸನ್ನೂ ಕೇಳಿಯೇ ಪೆನ್ನು ಹಿಡಿದೆ. ಆ ಪಾಠದ ಬೆಲೆ ತೆತ್ತವಳು ಅವಳು. ಮುಂದೆ ಮಗಳಿಗೆ ಜ್ವರ ಬಂದಾಗಲೂ, ನನ್ನ ಬಾಗಿಲ ಮುಂದೆಯೇ ಹಾದು ಬಸ್ ಹತ್ತಿ, ರಾಯದುರ್ಗದ ಬೇರೆ ಡಾಕ್ಟರಿಗೆ ತೋರಿಸಿಕೊಂಡು ಬರುತ್ತಿದ್ದಳು.