ಕೊಕ್ಕೆಯಲ್ಲಿ ತೂಗಿದ್ದ ಜೋಡಿ ಟೈರು

ನನ್ನ ಬೀಗ ರಿಪೇರಿ ಅಂಗಡಿಗೂ ಗಾಳಿಯಣ್ಣನ ಸೈಕಲ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ತಗಡಿನ ಗೋಡೆ. ಅವನು ಕೆಮ್ಮಿದರೆ ನನ್ನ ಕಡೆಯ ಕೀಲಿಕೈಗಳು ಅಲುಗುತ್ತಿದ್ದವು. ಮೂವತ್ತೆಂಟು ವರ್ಷ ಹಾಗೆ ಬದುಕಿದವರು ನಾವು. ಅವನ ಕೈಗುಣವನ್ನೂ ಕಂಡೆ, ಹಟವನ್ನೂ ಕಂಡೆ, ಆ ಹಟ ಅವನ ಮಗಳ ಕೆಲಸವನ್ನು ನುಂಗಿ ನೀರು ಕುಡಿದದ್ದನ್ನೂ ಕಂಡೆ.

ಪಂಕ್ಚರ್ ಕೆಲಸದಲ್ಲಿ ಅವನದು ಎತ್ತಿದ ಕೈ. ಟೈರು ಬಿಚ್ಚಿದರೆ ಒಳಮೈಗೆ ಹೆಬ್ಬೆರಳಿಟ್ಟು ಪೂರ್ತಿ ಒಂದು ಸುತ್ತು ಸವರದೆ ಮತ್ತೆ ಕೂರಿಸಿದವನಲ್ಲ. ಕಣ್ಣಿಗೆ ಬೀಳದ ತಂತಿಚೂರು ಆ ಬೆರಳಿಗೆ ಸಿಕ್ಕಿಬೀಳುತ್ತಿತ್ತು. “ಓದಿ ಬಂದೋರು ನೋಡ್ತಾರೆ, ನಾನು ಮುಟ್ತೀನಿ” ಎನ್ನುತ್ತಿದ್ದ.

ಅವನ ಅಂಗಡಿಯಲ್ಲಿ, ಕಿಟಕಿಗೆ ಎದುರಾಗಿ, ಒಂದು ಕೊಕ್ಕೆಗೆ ಜೋಡಿ ಟೈರು ತೂಗುತ್ತಿದ್ದವು. ರೇಸ್ ಸೈಕಲ್ಲಿನ ತೆಳು ಟೈರು. ಆದರೆ ನೆಲ ಮುಟ್ಟುವ ಭಾಗದ ಅಡಿಯಲ್ಲಿ ಮೊಳೆಯನ್ನೂ ತಡೆಯುವ ದಪ್ಪ ಪದರ. ಹನ್ನೊಂದು ವರ್ಷದ ಹಿಂದೆ ಆಸೆಪಟ್ಟು ತರಿಸಿದ್ದು. ಕೇಳಿದವರನ್ನೆಲ್ಲ “ಇದಕ್ಕೆ ತಕ್ಕ ಸವಾರ ಬರ್ಲಿ” ಎಂದು ಸಾಗಹಾಕಿದ್ದ.

ಅವನ ಮಗಳು ಅಂಥದೇ ರೇಸ್ ಸೈಕಲ್ಲಿನಲ್ಲಿ ಆಸ್ಪತ್ರೆಗಳಿಂದ ರಕ್ತದ ಸ್ಯಾಂಪಲ್ ಒಯ್ದು ಲ್ಯಾಬಿಗೆ ಮುಟ್ಟಿಸುವ ಕೆಲಸದಲ್ಲಿದ್ದಳು. ಬೆನ್ನಿಗೆ ಐಸ್ ಪೆಟ್ಟಿಗೆ, ಒಂದು ಗಂಟೆಯ ಗಡುವು. ಅದಕ್ಕೆ ಮುಂಚೆ ಎರಡು ವರ್ಷ ಹೊಲಿಗೆ ಕಾರ್ಖಾನೆಯ ದೂಳಿನಲ್ಲಿ ಕೆಮ್ಮಿ ಸೊರಗಿದವಳು. ಈ ಕೆಲಸ ಹಿಡಿದ ಮೇಲೆ ಮುಖಕ್ಕೆ ಕಳೆ ಬಂದಿತ್ತು. ಆದರೆ ದಾರಿಯುದ್ದಕ್ಕೂ ಹೊಸ ಕಟ್ಟಡ ಏಳುತ್ತಿದ್ದವು. ಬೀದಿ ತುಂಬ ತಂತಿ, ಗಾಜು. ಒಂದೇ ತಿಂಗಳಲ್ಲಿ ಎರಡು ಸಲ ಪಂಕ್ಚರಾಗಿ ಪೆಟ್ಟಿಗೆ ತಡವಾಯಿತು. ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದು ಲ್ಯಾಬಿನ ಮೇಲ್ವಿಚಾರಕಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು.

ಮರುದಿನ ಬೆಳಿಗ್ಗೆ ಮಗಳು ಅಂಗಡಿಗೆ ಬಂದಳು.

“ಅಪ್ಪ, ದೊಡ್ಡ ರಸ್ತೆ ಅಂಗಡೀಲಿ ಟೈರು ನೋಡಿ ಬಂದೆ. ಅಡೀಗೂ ಪದರ ಇದೆ, ಪಕ್ಕೇಗೂ ಇದೆ. ಸ್ವಲ್ಪ ಭಾರ, ಆದ್ರೆ ಈ ಬೀದಿಗೆ ಅದೇ ಸರಿ.”

“ಯಾರು ಹೇಳಿದ್ದು?”

“ಅಂಗಡಿಯವ್ನು.”

“ಗಾಜಿನ ಬಾಗಿಲ ಹಿಂದೆ ಕೂತು ಮಾರೋನು. ಅವನ ಉಗುರಲ್ಲಿ ಗ್ರೀಸು ನೋಡಿದ್ಯಾ?”

“ಉಗುರು ನೋಡೋಕೆ ಹೋಗಿರ್ಲಿಲ್ಲಪ್ಪ. ಟೈರು ನೋಡೋಕೆ ಹೋಗಿದ್ದೆ.”

ಗೋಡೆಯ ಈಚೆ ನಾನು ನಕ್ಕದ್ದು ಅವನಿಗೆ ಕೇಳಿಸಿತು. “ಕಿಸಿಬೇಡ ಕಣಯ್ಯ, ಬಾ ಇಲ್ಲಿ” ಎಂದ. ಹೋಗುವಷ್ಟರಲ್ಲಿ ಸ್ಟೂಲು ಹತ್ತಿ ಕೊಕ್ಕೆಯ ಜೋಡಿಯನ್ನು ಇಳಿಸಿದ್ದ. ಹೆಗಲ ಬಟ್ಟೆಯಿಂದ ದೂಳು ಒರೆಸಿದ. “ತಕ್ಕ ಸವಾರ ನನ್ನ ಮನೇಲೇ ಇದ್ಳು ನೋಡು.”

“ಹಳೇದಾಯ್ತಲ್ಲಪ್ಪ?” ಎಂದಳು ಮಗಳು.

“ಒಂದು ಮಾರೂ ಓಡಿಲ್ಲ. ಓಡದೇ ಇರೋದು ಹೇಗೆ ಹಳೇದಾಗುತ್ತೆ? ನೀನೇ ಹೇಳಯ್ಯ.”

ನಮ್ಮೆದುರೇ ದಬ್ಬಳ ತಂದು ಟೈರಿಗೆ ಒತ್ತಿದ. ತೂರಲಿಲ್ಲ. ಒಳಮೈಗೆ ಹೆಬ್ಬೆರಳಿಟ್ಟು ಒಂದು ಸುತ್ತು ಸವರಿ, ಟೈರನ್ನು ನನ್ನ ಕೈಗಿಟ್ಟ. ನಾನು ಅದರ ಪಕ್ಕೆ ಮಡಚಿದೆ. ಕಿಟಕಿಯ ಬಿಸಿಲು ಬೀಳುತ್ತಿದ್ದ ಕಡೆ, ಒಣಗಿದ ಹಿಮ್ಮಡಿಯಂತೆ, ಕೂದಲೆಳೆಯ ಬಿರುಕುಗಳು. ಅವನ ಮುಖ ನೋಡಿದೆ. ಹನ್ನೊಂದು ವರ್ಷದ ಹೆಮ್ಮೆ ಅಲ್ಲಿ ಕಾದು ಕೂತಿತ್ತು.

“ನಿನ್ನ ಮಾಲಲ್ಲಿ ಯಾವತ್ತು ಕುಂದು ಇತ್ತಣ್ಣ?” ಎಂದೆ.

ಮಗಳು ಅವನ್ನೇ ಹಾಕಿಸಿಕೊಂಡಳು.

ಹನ್ನೆರಡು ದಿನ ಟೈರು ಓಡಿದವು. ಪ್ರತಿ ಸಂಜೆ ಗಾಳಿಯಣ್ಣ ಸೂಜಿಯಿಂದ ತಂತಿಚೂರು ಕೆದಕಿ ತೆಗೆದು ಡಬ್ಬಿಯ ಮುಚ್ಚಳದಲ್ಲಿ ಹಾಕಿ ದಾರಿಹೋಕರಿಗೆಲ್ಲ ತೋರಿಸಿದ. “ಒಂದೂ ಒಳಗೆ ಹೋಗಿಲ್ಲ, ನೋಡ್ಕೊಳ್ಳಿ.”

ಹದಿಮೂರನೆಯ ದಿನ, ನಡುಮಧ್ಯಾಹ್ನ, ಹಿಂದಿನ ಟೈರಿನ ಪಕ್ಕೆ ಗೇಣುದ್ದ ಸೀಳಿತು. ಟ್ಯೂಬು ಹೊರಗುಬ್ಬಿ ಒಡೆಯಿತು. ಸೈಕಲ್ ತಳ್ಳಿಕೊಂಡೇ ಓಡಿದಳಂತೆ. ಲ್ಯಾಬು ಮುಟ್ಟಿದಾಗ ಐಸು ನೀರಾಗಿತ್ತು. ಆಸ್ಪತ್ರೆಯಲ್ಲಿ ಯಾರೋ ಮುದುಕಿಯ ಬತ್ತಿದ ತೋಳಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತಂತೆ. ಮೇಲ್ವಿಚಾರಕಿ ಬೈಯಲೂ ಇಲ್ಲ, ಪೆಟ್ಟಿಗೆ ವಾಪಸು ಇಸಿದುಕೊಂಡಳು.

ಸಂಜೆ ಮಗಳು ಸೈಕಲ್ ತಂದು ಅಂಗಡಿಗೆ ಒರಗಿಸಿದಳು. ಗಾಳಿಯಣ್ಣ ಕುಕ್ಕರಗಾಲಲ್ಲಿ ಕೂತು ಚಕ್ರ ತಿರುಗಿಸಿ ಬೆರಳಾಡಿಸಿದ.

“ಎಲ್ಲಿ ಚುಚ್ಚಿದೆ?”

“ಎಲ್ಲೂ ಚುಚ್ಚಿಲ್ಲ. ಪಕ್ಕೆ ಸೀಳಿದೆ.”

“ಕಲ್ಲಿನ ಮೇಲೆ ಹತ್ಸಿರ್ತೀಯ.”

ಅವಳು ನನ್ನ ಕಡೆ ತಿರುಗಿದಳು. “ಮಾಮ, ಆವತ್ತು ನೀವು ಮಡಚಿ ನೋಡಿದ್ರಿ.”

ನಾನು ಗೋಡೆಯ ಈಚೆಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ಬೀಗ ಕೈಗೆತ್ತಿಕೊಂಡೆ.

ವಾರ ಕಳೆದು, ದೊಡ್ಡ ರಸ್ತೆಯ ಅಂಗಡಿಯಿಂದ ಟೈರು ತಂದು, ನಮ್ಮೆದುರಿನ ಮನೆಯ ಮೆಟ್ಟಿಲ ಮೇಲೆ ಕೂತು ತಾನೇ ಕೂರಿಸಿದಳು. ಒಳಮೈಗೆ ಹೆಬ್ಬೆರಳಿಟ್ಟು ಒಂದು ಸುತ್ತು ಸವರಿದಳು. ಟೈರು ಉರುಳುವ ದಿಕ್ಕು ತೋರುವ ಬಾಣದ ಗುರುತು ಮುಂದಕ್ಕಿಟ್ಟಳು. ಗಾಳಿ ತುಂಬುತ್ತ ಎರಡೂ ಪಕ್ಕೆ ಒತ್ತಿ ನೋಡಿದಳು. ಗಾಳಿಯಣ್ಣ ಕುಂದು ಹಿಡಿಯಲು ಅರ್ಧ ಎದ್ದ, ಏನೂ ಸಿಗದೆ ಕೂತ. ಅವಳು ಸೈಕಲ್ ಏರಿ ಬೇರೆ ಕೆಲಸ ಕೇಳಲು ಹೋದಳು.

ಮೆಟ್ಟಿಲ ಮೇಲೆ ಪಂಪು ಉಳಿದಿತ್ತು. ಅಪ್ಪನದಲ್ಲ, ಆಚೆಮನೆಯವರಿಂದ ಕೇಳಿ ತಂದದ್ದು.

“ಆ ಪಂಪಿನ ವಾಷರ್ ಸವೆದಿದೆ” ಎಂದ ಗಾಳಿಯಣ್ಣ. “ತೋಳು ಬಿದ್ದುಹೋಗೋಷ್ಟು ಒತ್ತಬೇಕು.”

ಹೇಳಿದ್ದು ನನಗೆ. ಅವಳು ಒತ್ತುತ್ತಿದ್ದಾಗ ಅವಳಿಗೆ ಹೇಳಿರಲಿಲ್ಲ.