ಹುಚ್ಚೇಶ ಕೆಚ್ಚಿದ ಕೇಬಲ್ಲು

ಇಳಕಲ್ಲಿನ ಹುಚ್ಚೇಶನ ಕಸುಬು ಏನೆಂದರೆ, ಸೀರೆಯ ಅಂಚಿನ ದಡಿಗೆ ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಆ ಚಿತ್ರದಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದುಕೊಡುವುದು. ತೂತು ಹೇಗೋ ಮಗ್ಗದಲ್ಲಿ ದಡಿ ಹಾಗೆ. ತೂತು ಹೊಡೆಯುವ ಯಂತ್ರವೂ ಕಂಪ್ಯೂಟರೂ ಹಳೇ ವಿಂಡೋಸಿನ ಕಾಲದಿಂದ ಗಂಡಹೆಂಡಿರಂತೆ ಬಾಳಿಕೊಂಡು ಬಂದಿದ್ದವು.

ಮಗಳು ಪ್ರಿಯದರ್ಶಿನಿಯ ಕುಬಸ ಹತ್ತಿರ ಬಂದಿತ್ತು. ಬಸುರಿ ಮಗಳಿಗೆ ಉಡಿಸುವ ಹಸಿರು ಸೀರೆಗೆ ಹುಚ್ಚೇಶ ಗಿಳಿಗಳ ದಡಿ ಬರೆದಿದ್ದ. ಮಗಳ ಅತ್ತೆ ಮಲ್ಲಮ್ಮನೂ ನೇಕಾರರ ಮನೆಯವಳೇ; ಒಂದೆಳೆ ತಪ್ಪಿದರೂ ಊಟದ ಪಂಕ್ತಿಯಲ್ಲೇ ಎತ್ತಿ ಆಡುವ ಹೆಂಗಸು. ಅಂಥ ಹೊತ್ತಿನಲ್ಲೇ ಒಂದು ಹಲ್ಲಿ ಕಂಪ್ಯೂಟರಿನೊಳಗೆ ಹೊಕ್ಕು, ತಾನೂ ಸತ್ತು ಅದನ್ನೂ ಕೊಂದಿತು.

ಹೊಸ ಲ್ಯಾಪ್‌ಟಾಪ್ ಬಂತು, ಪೆನ್‌ಡ್ರೈವಿನಲ್ಲಿ ಉಳಿದಿದ್ದ ಗಿಳಿಗಳೂ ಅದಕ್ಕೇರಿದವು. ಆದರೆ ಅದರಲ್ಲಿ ಯಂತ್ರದ ಹಳೇ ಕೇಬಲ್ಲಿಗೆ ಕಿಂಡಿಯೇ ಇಲ್ಲ. ಹುಚ್ಚೇಶನ ಅಕ್ಕನ ಮಗ ಸಂಗಮೇಶ ಬಾಗಲಕೋಟೆಯ ವಿದ್ಯಾಗಿರಿಯಿಂದ ಬಂದು, ಹಳೇ ಕೇಬಲ್ಲಿಗೂ ಹೊಸ ಕಿಂಡಿಗೂ ನಡುವೆ ಜೋಡಿಸುವ ಒಂದು ಡಬ್ಬಿ ಸಿಕ್ಕಿಸಿ ನೋಡಿದ.

"ಮಾವಾ, ಹೊಸಾ ವಿಂಡೋಸ್ ಈ ಮಷೀನ್ ಗುರುತ ಹಿಡಿವಲ್ದು."

"ಇಷ್ಟ ವರ್ಷ ಮನ್ಯಾಗ ದುಡದದ್ದನ್ನ ಗುರುತ ಹಿಡ್ಯಂಗಿಲ್ಲಂದ್ರ ಎಂಥಾ ಸೊಕ್ಕಲೇ ಅದಕ್ಕ!" ಎಂದಳು ಹುಚ್ಚೇಶನ ಹೆಂಡತಿ ಅಂಬವ್ವ.

ಸಂಗಮೇಶ ಅದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಪಕ್ಕಕ್ಕೆ, ಅದರ ಸವತಿಯಂಥ ಲಿನಕ್ಸ್ ಹಾಕಿದ. ಅದು ಯಂತ್ರವನ್ನು ಕಂಡಕೂಡಲೇ ಹೆಸರು ಹಿಡಿದು ಕರೆಯಿತು. ಆದರೆ ಗಿಳಿ ಬರೆದ ಸಾಫ್ಟ್‌ವೇರ್ ಅದರಲ್ಲಿ ತೆರೆಯಲೇ ಇಲ್ಲ.

"ಅದರಾಗ ಗಿಳಿ ಅದಾವ, ತೂತಿಲ್ಲ. ಇದರಾಗ ತೂತದಾವ, ಗಿಳಿ ಇಲ್ಲ," ಎಂದು ಕೈಚೆಲ್ಲಿ ಸಂಗಮೇಶ ಬಾಗಲಕೋಟೆಯ ಬಸ್ಸು ಹತ್ತಿದ.

ಹುಚ್ಚೇಶನಿಗೆ ಸಂಶಯ ಬಂದದ್ದು ನಡುವಿನ ಡಬ್ಬಿಯ ಮೇಲೆ. ಇಬ್ಬರ ನಡುವೆ ನಿಂತು ಚಾಡಿ ಹೇಳುವುದು ಅದೇ! ಅದನ್ನು ಕಿತ್ತೆಸೆದ. ನೇಕಾರ ಮಗ್ಗದ ಉದ್ದೆಳೆಗಳ ಹಳೇ ಹಾಸು ಮುಗಿಯಿತೆಂದು ಬಿಸಾಡುವನೇ? ಹಳೇ ಎಳೆಯ ತುದಿಗೆ ಹೊಸ ಎಳೆಯಿಟ್ಟು, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಕೆಚ್ಚುತ್ತಾನೆ. ಹುಚ್ಚೇಶ ಯಂತ್ರದ ಹಳೇ ಕೇಬಲ್ಲನ್ನೂ ಲ್ಯಾಪ್‌ಟಾಪಿನ ಕಡೆಯ ಕೇಬಲ್ಲನ್ನೂ ಕೊಯ್ದು, ಬೂದಿ ಹಚ್ಚಿಕೊಂಡು ಕೆಚ್ಚಲು ಕೂತ.

"ಏ, ಈ ಕಡೆ ಇಪ್ಪತ್ತೈದ ಎಳಿ, ಆ ಕಡೆ ನಾಕ ಅದಾವಲ್ಲ!"

"ನಾಕಕ್ಕ ನಾಕ ಕೆಚ್ಚರಿ. ಉಳದದ್ದಕ್ಕ ಗೊಂಡೆ ಕಟ್ತೇನಿ," ಎಂದಳು ಹೆಂಡತಿ.

ಅಂಬವ್ವ ಉಳಿದ ತಂತಿಗಳನ್ನು ಚಂದಗೆ ಗೊಂಡೆ ಹೆಣೆದು ಮಿಕ್ಸಿಯ ಪಕ್ಕದ ಮೊಳೆಗೆ ನೇತುಹಾಕಿದಳು. ಲ್ಯಾಪ್‌ಟಾಪು ಕಮಕ್ ಕಿಮಕ್ ಅನ್ನಲಿಲ್ಲ. ಬೇಸತ್ತು ಆಕೆ ಚಟ್ನಿಗೆಂದು ಮಿಕ್ಸಿ ತಿರುವಿದಳು ನೋಡಿ, ಯಂತ್ರ ಟಕಟಕ ತೂತು ಹೊಡೆಯತೊಡಗಿತು! ಮಿಕ್ಸಿ ನಿಂತರೆ ಅದೂ ನಿಂತಿತು.

"ವಿಂಡೋಸ್ ಮಾತ ಕೇಳಲಾರದ್ದು ನಿನ್ನ ಮಿಕ್ಸಿ ಮಾತ ಕೇಳಾಕತ್ತೈತಲ್ಲೇ!"

ಗಿಳಿಗಳ ಆಸೆ ಬಿಟ್ಟರು. ಶೇಂಗಾ ತಿರುವಿದರೆ ತೂತು ಒಡಕೊಡಕು, ಕೊಬ್ಬರಿಗೆ ಎಲ್ಲ ಒಂದೇ ಕಡೆ ಗುಂಪು. ನೆನೆದ ಹೆಸರುಬೇಳೆಗೆ ಮಾತ್ರ ಸಾಲು ಸರಿ ಬಂತು. ಪಟ್ಟಿಗಳು ಮಗ್ಗ ಹತ್ತಿದವು, ಮನೆಮಂದಿ ವಾರವಿಡೀ ಹೆಸರುಬೇಳೆ ವಡೆ ತಿಂದರು.

ಕುಬಸದ ದಿನ ಮಲ್ಲಮ್ಮ ದಡಿಯನ್ನು ಬೆಳಕಿಗೆ ಹಿಡಿದಳು. ಪ್ರಿಯದರ್ಶಿನಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಇದು ಯಾವ ದಡಿರಿ ಬೀಗರ? ಗೋಮಿ ಅಲ್ಲ, ಪರಾಸಪೇಟ ಅಲ್ಲ."

ಸುಳ್ಳು ಹೊಳೆಯದೆ ಹುಚ್ಚೇಶ ಹಲ್ಲಿಯಿಂದ ಮಿಕ್ಸಿಯ ತನಕ ಎಲ್ಲವನ್ನೂ ಹೇಳಿಬಿಟ್ಟ. ಮಲ್ಲಮ್ಮ ನಗಲಿಲ್ಲ. ದಡಿಯುದ್ದಕ್ಕೂ ಬೆರಳಾಡಿಸಿ ಅಂಬವ್ವನತ್ತ ತಿರುಗಿದಳು.

"ಬ್ಯಾಳಿ ಎಷ್ಟೊತ್ತ ನೆನಿ ಹಾಕಿದ್ರಿ?"

"ರಾತ್ರಿಯೆಲ್ಲಾರಿ."

"ಅದಕ್ಕ ಮತ್ತ, ಎಡಕ ಸ್ವಲ್ಪ ಸಡ್ಲ ಬಂದೈತಿ. ಎರಡ ತಾಸ ಸಾಕಿತ್ತು," ಎಂದು ಮಲ್ಲಮ್ಮ ಸೊಸೆಯ ಹೆಗಲಿಗೆ ಸೀರೆ ಹೊದಿಸಿದಳು.