ಕೆಂಪು ಚುಕ್ಕಿ ಇಲ್ಲದ ದಡ

ನಾನು ಕೆಲಸ ಮಾಡಿದ ಊರಿನ ಹೆಸರು ಹೇಳುವುದಿಲ್ಲ. ಪಂಜ ಪೇಟೆಯಿಂದ ಒಳಗೆ, ಹೊಳೆಯ ಎರಡು ದಡಕ್ಕೂ ಹರಡಿಕೊಂಡ ಒಂದು ಗ್ರಾಮ ಎಂದರೆ ಸಾಕು. ಹೆಸರು ಹೇಳಿದರೆ ಆಗ ನನ್ನ ಮೇಲಿದ್ದ ಡಾಕ್ಟರು ಯಾರೆಂದು ಆ ಕಡೆಯವರಿಗೆ ಗೊತ್ತಾಗಿಬಿಡುತ್ತದೆ, ಅವರ ಮಕ್ಕಳಿಗೆ ಬೇಸರವಾಗುತ್ತದೆ. ಮಕ್ಕಳು ಏನು ಮಾಡಿದ್ದಾರೆ? ನನ್ನ ಸಿಟ್ಟು ಅವರ ಅಪ್ಪನ ಮೇಲೆ. ಇದು ಎಪ್ಪತ್ತರ ದಶಕದ ಕೊನೆಯ ಸಂಗತಿ. ಇಷ್ಟು ವರ್ಷವಾದರೂ ಸಿಟ್ಟು ಆರಿಲ್ಲ, ಆರಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಕೆದಂಬಾಡಿಯ ಹುಡುಗಿ ನಾನು. ಹೆರಿಗೆ ಮಾಡಿಸುವ ತರಬೇತಿ ಮುಗಿಸಿ ಸರಕಾರಿ ನರ್ಸಾಗಿ ಅಲ್ಲಿಗೆ ಬಂದೆ. ಬಸ್ಸು ನಿಲ್ಲುವ ದಡದಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕಿತು. ಇಡೀ ಗ್ರಾಮಕ್ಕೆ ನಾನೊಬ್ಬಳೇ. ಎರಡು ದಡಗಳ ನಡುವೆ ಅಡಿಕೆ ಮರ ಜೋಡಿಸಿ ಕಟ್ಟಿದ ಸಂಕವಿತ್ತು. ಬೇಸಿಗೆಯಲ್ಲಿ ಅದರ ಮೇಲೆ ನಡೆಯಬಹುದು. ಮಳೆಗಾಲ ಬಲವಾದ ಕೂಡಲೇ ಹೊಳೆ ಅದನ್ನು ಕೊಂಡೊಯ್ಯುತ್ತಿತ್ತು, ಆಮೇಲೆ ಆಚೆ ದಡದವರು ಆಚೆಗೆ, ನಾವು ಈಚೆಗೆ.

ನರ್ಸನ್ನು ಕರೆಯಲಿಕ್ಕೆ ಅಲ್ಲೊಂದು ರಿವಾಜು ಇತ್ತು. ಮನೆಯ ಗಂಡಸೇ ಬಂದು ಕರೆಯಬೇಕು, ಚೀಲ ಅವನೇ ಹೊರಬೇಕು, ಕತ್ತಲಾದರೆ ತೆಂಗಿನ ಸೋಗೆಯ ಸೂಟೆ ಉರಿಸಿ ಹಿಡಿದು ವಾಪಸು ತಂದು ಬಿಡಬೇಕು. ಮನೆಯಲ್ಲಿ ಕೂರಲು ಕುರ್ಚಿ, ಕುಡಿಯಲು ಹಾಲು ಹಾಕಿದ ಕಾಫಿ. ಇದನ್ನು ಸರಕಾರ ಹೇಳಿದ್ದಲ್ಲ, ನಾನು ಕೇಳಿದ್ದೂ ಅಲ್ಲ. ನನಗಿಂತ ಮೊದಲಿದ್ದ ನರ್ಸಿನ ಕಾಲದಿಂದ ಹಾಗೆ ನಡೆದುಕೊಂಡು ಬಂದಿತ್ತು. ಈಚೆ ದಡದ ಜಮೀನಿನ ಮನೆಗಳಿಗೆ ಅದೊಂದು ಲೆಕ್ಕವೇ ಅಲ್ಲ. ಮಗು ಎರಡು ಸಲ ಸೀನಿದರೂ ಆಳು ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದ. ಆಚೆ ದಡದ ಬೀಡಿ ಕಟ್ಟುವ, ಕೂಲಿಗೆ ಹೋಗುವ ಮನೆಗಳಿಂದ ಮಾತ್ರ ಯಾರೂ ಬರುತ್ತಿರಲಿಲ್ಲ. “ಅವರು ಗಟ್ಟಿ ಜನ, ಅವರಿಗೆಂತ ಆಗುದಿಲ್ಲ” ಎಂದು ಈಚೆಯವರು ನನಗೆ ಸಮಾಧಾನ ಹೇಳುತ್ತಿದ್ದರು.

ನಮ್ಮ ಕಡೆಯ ಆರೋಗ್ಯ ಕೇಂದ್ರಕ್ಕೆ ಹೊಸ ಡಾಕ್ಟರು ಬಂದದ್ದು ಆ ಸಮಯದಲ್ಲಿ. ನಗುಮುಖದ ಮನುಷ್ಯ, ಸುತ್ತಲಿನ ಗ್ರಾಮಗಳ ನರ್ಸುಗಳನ್ನು ಕೂರಿಸಿ ಮಾತಾಡಿಸುತ್ತಿದ್ದರು. ಅದಕ್ಕಿಂತ ಮೊದಲಿನವರು ನಮ್ಮನ್ನು ನಿಲ್ಲಿಸಿಯೇ ಬೈಯುತ್ತಿದ್ದದ್ದು. ನನ್ನ ಗ್ರಾಮಕ್ಕೆ ಇನ್ನೊಬ್ಬ ನರ್ಸೂ ಒಂದು ಸಣ್ಣ ಕಟ್ಟಡವೂ ಮಂಜೂರಾಗುವುದುಂಟು, ಎಲ್ಲಿಗೆ ಬೇಕೆಂದು ನಾವೇ ತೋರಿಸಬೇಕು ಎಂದರು. ಒಂದು ದೊಡ್ಡ ಕಾಗದ, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿಯ ಒಂದು ಪೆನ್ಸಿಲು ಕೊಟ್ಟರು. “ಮನೆ ಮನೆ ಬರೀರಿ. ನಿಮ್ಮನ್ನು ಕರೆದ ಮನೆಗೆ ಕರೆದಷ್ಟು ಸಲ ಕೆಂಪು ಚುಕ್ಕಿ. ಬಾಣಂತಿಯೋ ಶಿಶುವೋ ತೀರಿಹೋದ ಮನೆಗೆ ನೀಲಿ ಚುಕ್ಕಿ.”

ಚಿತ್ರ ಬಿಡಿಸಲು ನನಗೆ ಬರುವುದಿಲ್ಲ. ನಾನು ಬಿಡಿಸಿದ ಹೊಳೆ ಒಣಗಲು ಹಾಕಿದ ಸೀರೆಯ ಹಾಗೆ ಕಾಣುತ್ತಿತ್ತು. ಆದರೆ ಮನೆಗಳನ್ನು ತಪ್ಪಿಸಲಿಲ್ಲ. ಯಾರೂ ಕರೆಯದಿದ್ದರೂ ಆಚೆ ದಡಕ್ಕೆ ಹೋಗಿ ಪ್ರತಿ ಅಂಗಳದಲ್ಲಿ ನಿಂತು ಕೇಳಿದೆ. ಹೆಂಗಸರು ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡೇ, ಕೈ ನಿಲ್ಲಿಸದೆ, ಸತ್ತ ಮಕ್ಕಳ ವಿಷಯ ಹೇಳಿದರು. ನೀಲಿ ತುದಿಯನ್ನು ನಾನು ಮತ್ತೆ ಮತ್ತೆ ಹೆರೆಯಬೇಕಾಯಿತು.

ಅವರಲ್ಲಿ ಒಬ್ಬಳು ನನ್ನದೇ ಪ್ರಾಯದವಳು. ಹುಟ್ಟಿದ ಎರಡು ಮಕ್ಕಳನ್ನೂ ಕಳೆದುಕೊಂಡಿದ್ದಳು, ಈಗ ಮತ್ತೆ ಬಸುರಿ. ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಸ್ವಲ್ಪ ಗದರಿಯೇ ಕೇಳಿದೆ. ಅವಳು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಇಷ್ಟು: “ಕರೆದ ಮೇಲೆ ನಿಮ್ಮನ್ನು ಎಲ್ಲಿ ಕೂರಿಸುದು? ಮನೆಯಲ್ಲಿ ಕುರ್ಚಿ ಇಲ್ಲ. ಹಾಲು ಇಲ್ಲ. ಮರ್ಯಾದೆ ಅಂತ ಒಂದು ಉಂಟಲ್ಲ.”

 ನಾನು ಅವಳ ಚಾಪೆಯ ಮೇಲೆ ಕುಳಿತು, ಹಾಲಿಲ್ಲದ ಕಾಫಿ ಕೇಳಿ ಕುಡಿದೆ. ಅವಳು ನಕ್ಕಳು. ಅಲ್ಲಿಂದ ನಮಗೆ ಗೆಳೆತನವಾಯಿತು.

ಈ ಸಂಗತಿಯನ್ನು ಡಾಕ್ಟರಿಗೆ ಪೂರ್ತಿಯಾಗಿ ಹೇಳಿದೆ. ಅವರು ಕಾಗದ ಬಿಡಿಸಿ ಬಹಳ ಹೊತ್ತು ನೋಡಿದರು. ಈಚೆ ದಡವಿಡೀ ಕೆಂಪು, ಆಚೆ ದಡವಿಡೀ ನೀಲಿ. “ಕೆಂಪು ಇಲ್ಲದಲ್ಲೇ ನೀಲಿ ಉಂಟು. ಇನ್ನೆಂತ ಹೇಳ್ಲಿಕ್ಕುಂಟು ಸಿಸ್ಟರ್?” ಎಂದರು. ಮರುವಾರ ನನ್ನೊಂದಿಗೆ ಸಂಕ ದಾಟಿ ಬಂದರು. ಹೆದರಿಕೊಂಡು, ಎರಡೂ ಕೈಯಲ್ಲಿ ಹಿಡಿಕಂಬ ಹಿಡಿದು, ತಮ್ಮನ್ನು ತಾವೇ ತಮಾಷೆ ಮಾಡಿಕೊಳ್ಳುತ್ತ. ನನ್ನ ಗೆಳತಿಯ ಅಂಗಳದಲ್ಲಿ ಅದೇ ಚಾಪೆಯ ಮೇಲೆ ಕುಳಿತು, “ನಿಮ್ಮ ಹೆರಿಗೆಯ ಒಳಗೆ ಈ ದಡಕ್ಕೊಬ್ಬರು ನರ್ಸ್ ಬರ್ತಾರೆ. ನಾನು ಹೇಳಿದ ಮೇಲೆ ಆಯ್ತು” ಎಂದರು. ಅವಳ ಗಂಡ ಕೈಮುಗಿದ. ಅವತ್ತು ಡಾಕ್ಟರ ಮೇಲೆ ನನಗೆ ಎಷ್ಟು ಅಭಿಮಾನವೆಂದರೆ, ಅಮ್ಮನಿಗೆ ಬರೆದ ಕಾಗದದ ತುಂಬ ಅವರದೇ ಸುದ್ದಿ.

ಬೇಸಿಗೆಯಲ್ಲಿ ಶಾಲೆಯ ದೊಡ್ಡ ಕೋಣೆಯಲ್ಲಿ ಮೀಟಿಂಗ್ ನಡೆಯಿತು. ಮೇಲಿನಿಂದ ಅಧಿಕಾರಿಗಳು ಬಂದಿದ್ದರು, ಊರಿನ ಧಣಿಗಳು ಮುಂದಿನ ಸಾಲಿನಲ್ಲಿದ್ದರು. ಗೋಡೆಯ ಮೇಲೆ ನನ್ನ ನಕ್ಷೆಯ ಚಂದದ ಪ್ರತಿ. ಯಾರಿಂದಲೋ ಬರೆಸಿದ್ದರು, ಹೊಳೆ ಹೊಳೆಯ ಹಾಗೆಯೇ ಇತ್ತು. ಹಿಂದಿನ ಬೆಂಚಿನಿಂದ ಕತ್ತು ಉದ್ದ ಮಾಡಿ ನೋಡಿದೆ. ಕೆಂಪು ಚುಕ್ಕಿಗಳೆಲ್ಲ ಇದ್ದವು. ನೀಲಿ ಒಂದೂ ಇರಲಿಲ್ಲ.

ಡಾಕ್ಟರು ಕೋಲು ಹಿಡಿದು ವಿವರಿಸಿದರು. “ಜನರ ಬೇಡಿಕೆ ಇರುದು ಈ ದಡದಲ್ಲಿ. ಆಚೆಯಿಂದ ಒಂದೂ ಕರೆ ಇಲ್ಲ.” ಧಣಿಗಳು ತಮ್ಮ ಗೇಟಿನ ಪಕ್ಕದ ಜಾಗವನ್ನು ಕಟ್ಟಡಕ್ಕೆ ದಾನ ಕೊಡುವುದಾಗಿ ಹೇಳಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು, “ಸಾರ್, ನೀಲಿ?” ಎಂದೆ. ಅವರು ನನ್ನತ್ತ ನೋಡಿ, ಎಂದಿನ ಹಾಗೆ ನಕ್ಕು, “ಅದು ಬೇರೆ ವಿಷಯ ಸಿಸ್ಟರ್, ಮತ್ತೆ ಮಾತಾಡುವ” ಎಂದರು.

ಮತ್ತೆ ಮಾತಾಡಿದ್ದು ಜೀಪಿನ ಪಕ್ಕದಲ್ಲಿ. “ನೀಲಿ ತೋರಿಸಿದ್ರೆ ಅಷ್ಟು ಸಾವಿಗೆ ಉತ್ತರ ಕೊಡುದು ಯಾರು ಮಾರಾಯ್ರೆ? ಮತ್ತೆ, ಜಾಗ ಕೊಡುವವರು ಕೊಟ್ಟಲ್ಲಿ ಕಟ್ಟುದು. ನಿಮಗೆ ಇದೆಲ್ಲ ಅರ್ಥ ಆಗ್ತದೆ.” ಅರ್ಥವಾಯಿತು. ಕಚೇರಿಯಲ್ಲಿ ಕುಳಿತ ಒಬ್ಬ ದಡ್ಡ ಹೀಗೆ ಮಾಡಿದ್ದರೆ ಕ್ಷಮಿಸುತ್ತಿದ್ದೆ. ಇವರು ಆ ಚಾಪೆಯ ಮೇಲೆ ಕುಳಿತು ಎದ್ದವರು. ನನ್ನ ಕೈಯಿಂದಲೇ ಬರೆಸಿ, ನನ್ನ ಕಣ್ಣೆದುರಿಗೇ ಅಳಿಸಿದರು. ಮೋಸಕ್ಕೆ ನಾನು ಬೇರೆ ಹೆಸರು ಹುಡುಕುವುದಿಲ್ಲ.

ಸುದ್ದಿಯನ್ನು ನಾನೇ ಹೋಗಿ ಹೇಳಿದೆ. ಗೆಳತಿ ಅಳುತ್ತಾಳೆಂದುಕೊಂಡಿದ್ದೆ. ಅವಳು ಬೀಡಿಗೆ ದಾರ ಸುತ್ತುತ್ತ ಯೋಚಿಸಿದಳು. “ನಾವು ಕರೀಲಿಲ್ಲ ಅಂತ ಅಲ್ವಾ ಕೊಡದ್ದು? ಹಾಗಾದ್ರೆ ಇನ್ನು ಕರೀತೇವೆ.”

ಹೇಳಿದ ಹಾಗೆ ಮಾಡಿದರು. ಆಚೆ ದಡದ ಗಂಡಸರು ಸರದಿ ಹಾಕಿಕೊಂಡು ಬರತೊಡಗಿದರು. ಒಂದು ದಿನ ಅಜ್ಜಿಯ ಸೊಂಟನೋವು, ಇನ್ನೊಂದು ದಿನ ಮಗುವಿನ ಕಜ್ಜಿ, ಮತ್ತೊಂದು ದಿನ ಕರೆಯಲು ಬಂದವನಿಗೇ ಕಾಯಿಲೆ ಯಾವುದೆಂದು ನೆನಪಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಬರುತ್ತಿದ್ದರು. ಎಲ್ಲಿಂದಲೋ ಒಂದು ಕುರ್ಚಿ ತಂದಿದ್ದರು, ನಾನು ಹೋದ ಮನೆಗೆಲ್ಲ ಅದೇ ಕುರ್ಚಿ ನನಗಿಂತ ಮೊದಲು ತಲುಪಿರುತ್ತಿತ್ತು. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. ಪ್ರತಿ ಸಲ ಹೊರಡುವಾಗ, “ಚುಕ್ಕಿ ಹಾಕ್ತೀರಲ್ಲ?” ಎಂದು ಕೇಳುತ್ತಿದ್ದರು. ಹಾಕುತ್ತಿದ್ದೆ. ಮಳೆ ಹಿಡಿಯುವ ಮೊದಲು ಆಚೆ ದಡವೂ ಕೆಂಪಾಯಿತು.

ಅದನ್ನು ಡಾಕ್ಟರ ಮೇಜಿನ ಮೇಲೆ ಹಾಸಿದೆ. ಕಟ್ಟಡ ಧಣಿಗಳ ಗೇಟಿನಲ್ಲೇ ಇರಲಿ, ಹೊಸ ನರ್ಸನ್ನು ಮಳೆಗಾಲಕ್ಕೆ ಮಾತ್ರ ಆಚೆ ದಡದಲ್ಲಿ ಇರಿಸಿ ಎಂದು ಬೇಡಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಒಳ್ಳೆ ಕೆಲಸ ಮಾಡಿದ್ದೀರಿ. ಆದ್ರೆ ನೋಡಿ, ನೀವೇ ಇಷ್ಟು ಸಲ ಹೋಗ್ತಾ ಇದ್ದೀರಿ. ಸೇವೆ ಸಿಗ್ತಾ ಉಂಟಲ್ಲ. ಮತ್ತೆ ಇನ್ನೊಬ್ಬರು ಯಾಕೆ?”

ಕರೆಯದಿದ್ದಾಗ ಬೇಡಿಕೆ ಇಲ್ಲ, ಕರೆದಾಗ ಕೊರತೆ ಇಲ್ಲ. ನಾನು ನಕ್ಷೆ ಮಡಚಿಕೊಂಡು ಹೊರಗೆ ಬಂದೆ. ಇನ್ನೊಂದು ನಿಮಿಷ ನಿಂತಿದ್ದರೆ ಕೆಲಸ ಕಳೆದುಕೊಳ್ಳುವಂಥ ಮಾತು ಆಡಿಬಿಡುತ್ತಿದ್ದೆ.

ಗೆಳತಿಗೆ ಕೆದಂಬಾಡಿಯ ನಮ್ಮ ಮನೆಗೆ ಹೋಗಿ ಇರು, ಅಲ್ಲಿಂದ ಪುತ್ತೂರಿನ ಆಸ್ಪತ್ರೆ ಹತ್ತಿರ ಎಂದೆ. ಒಪ್ಪಿದಳು. ಕಟ್ಟಿದ ಬೀಡಿಯನ್ನು ಈ ವಾರ ಕೊಟ್ಟು ಹೊರಡುತ್ತೇನೆ ಎಂದಳು. ಆ ವಾರ ಮಳೆ ಹೊಡೆಯಿತು, ಸಂಕ ಹೋಯಿತು. ಅವಳಿಗೆ ದಿನ ತುಂಬುವ ಮೊದಲೇ ನೋವು ಬಂತು.

ಬೆಳಿಗ್ಗೆ ಆಚೆ ದಡದಲ್ಲಿ ಅವಳ ಗಂಡ ನಿಂತು ಕೂಗುತ್ತಿದ್ದಾನೆ ಎಂದು ಯಾರೋ ಬಂದು ಹೇಳಿದರು. ಚೀಲ ಎತ್ತಿಕೊಂಡು ಓಡಿದೆ. ಹೊಳೆ ಮಣ್ಣುಬಣ್ಣದಲ್ಲಿ, ಮರಗಳನ್ನೇ ಉರುಳಿಸಿಕೊಂಡು ಹೋಗುತ್ತಿತ್ತು. ದೋಣಿ ಇಳಿಸಲು ಯಾರೂ ಒಪ್ಪಲಿಲ್ಲ, ಒಪ್ಪುವ ಹಾಗೂ ಇರಲಿಲ್ಲ. ನಾನು ಕೂಗಿ ಹೇಳಿದ್ದರಲ್ಲಿ ಅವನಿಗೆ ಎಷ್ಟು ಕೇಳಿತೋ. ಅವನು ಮನೆಗೆ ಓಡುವುದು, ಮತ್ತೆ ಬಂದು ನಿಲ್ಲುವುದು. ನಾನು ದಡ ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಅವನು ನಿಧಾನವಾಗಿ ನಡೆದು ಬಂದ. ಓಡಲಿಲ್ಲ. ಮನೆಯ ಕಡೆ ಕೈ ತೋರಿಸಿ ತಲೆಯಾಡಿಸಿದ, ಅವಳು ಉಳಿದಿದ್ದಾಳೆ ಎಂದು. ಆಮೇಲೆ ಎರಡೂ ಅಂಗೈಯನ್ನು ಮಗುವಿನಷ್ಟು ಅಂತರದಲ್ಲಿ ಹಿಡಿದು, ಕೆಳಗೆ ಇಳಿಸಿಬಿಟ್ಟ.  ಅವನು ಹೋಗಲಿಲ್ಲ. ಕೈಯನ್ನು ಬಾಯಿಯ ಸುತ್ತ ಹಿಡಿದು ಏನೋ ಕೂಗಿದ, ಕೇಳಲಿಲ್ಲ. ನೀರಿನ ಅಂಚಿಗೆ ಇಳಿದು ಮತ್ತೆ ಕೂಗಿದ, ಈ ಸಲ ಕೇಳಿತು. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ನನ್ನ ಮೇಲೆ ಸಿಟ್ಟೂ ಇರಲಿಲ್ಲ.

“ನಾವು ಕರೆದಿದ್ದೇವೆ ಅಂತ ಬರ್ಕೊಳ್ಳಿ ಸಿಸ್ಟರ್.”